ನಕ್ಷೆಯಲ್ಲಿಲ್ಲದ ನೀರು

ಮೇ ತಿಂಗಳು ಮುಗಿಯುತ್ತಾ ಬಂದರೆ ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ಗ್ಯಾಲರಿಗಳಿಗೆಲ್ಲ ಮಳೆಗೆ ಮರೆಯಾಗಿ ನೀಲಿ ತಾಡಪತ್ರಿ, ಅಂದರೆ ಟಾರ್ಪಾಲು, ಏರುತ್ತದೆ. ಹೊಸ ತಾಡಪತ್ರಿಗೆ ಒಂದು ವಾಸನೆಯಿದೆ. ಸೀಮೆಎಣ್ಣೆ, ರಬ್ಬರು, ಅಂಗಡಿಯ ಧೂಳು ಮೂರನ್ನೂ ಕಲಸಿದಂಥದ್ದು. ಈ ಸಲ ಕಟ್ಟುವ ಕೆಲಸ ನನ್ನ ತಲೆಗೆ ಬಂತು. ಸ್ಟೂಲಿನ ಮೇಲೆ ನಿಂತು ಹಗ್ಗ ಬಿಗಿಯುವಾಗ ಆ ವಾಸನೆ ಮೂಗಿಗೆ ಹೊಡೆದು ಕೈ ಅಲ್ಲೇ ನಿಂತುಬಿಟ್ಟಿತು.

"ಏನೋ ಸೀನಿ, ಸ್ಟೂಲ್ ಮೇಲೇ ನಿದ್ದೆನಾ? ಬಿದ್ರೆ ನಿಂಗೇನೂ ಆಗಲ್ಲ, ಕೆಳಗಿರೋ ತುಳಸಿ ಕುಂಡ ಒಡೆಯುತ್ತೆ" ಅಂದಳು ಅಮ್ಮ ಅಡಿಗೆಮನೆಯಿಂದ.

ನಿದ್ದೆಯಲ್ಲ. ನಾನು ಜುಹುವಿನ ವಿಮಾನದ ಹ್ಯಾಂಗರಿನಲ್ಲಿದ್ದೆ, ಮೂರು ಮಳೆಗಾಲದ ಹಿಂದೆ. ಅಲ್ಲೂ ಮಳೆಗೆ ಮುಂಚೆ ಪುಟ್ಟ ವಿಮಾನಗಳಿಗೆ ಇದೇ ತಾಡಪತ್ರಿ ಹೊದಿಸಿ, ರೆಕ್ಕೆಗಳನ್ನು ನೆಲದ ಕೊಂಡಿಗಳಿಗೆ ಹಗ್ಗ ಹಾಕಿ ಕಟ್ಟುತ್ತಿದ್ದರು, ಕೊಟ್ಟಿಗೆಯಲ್ಲಿ ದನ ಕಟ್ಟಿದ ಹಾಗೆ. ರಾತ್ರಿ ಗಾಳಿಗೆ ಅವು ಹಗ್ಗ ಜಗ್ಗಿದ ಗುರುತು ಬೆಳಿಗ್ಗೆ ಕಾಣುತ್ತಿತ್ತು.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾವನ್ನು ಎರಡನೇ ಯತ್ನದಲ್ಲಿ ಗೆದ್ದು, ಮನೆಯ ಟೇಪ್‌ರೆಕಾರ್ಡರಿನಿಂದ ಹಾಡಿನ ಬದಲು ಹೊಗೆ ಹೊರಡಿಸಿದ ಅನುಭವದ ಬಲದ ಮೇಲೆ, ನಾನು ಅಲ್ಲಿನ ಒಂದು ಫ್ಲೈಯಿಂಗ್ ಕ್ಲಬ್ಬಿನ ರೇಡಿಯೋ ವಿಭಾಗಕ್ಕೆ ಅಪ್ರೆಂಟಿಸ್ ಆಗಿ ಸೇರಿದ್ದೆ. ವಿಭಾಗ ಅಂದರೆ ಒಂದು ಮೇಜು, ಒಂದು ಸೋಲ್ಡರಿಂಗ್ ಐರನ್ ಮತ್ತು ವಿಜಾಪುರದ ಬಶೀರ್ ಸಾಹೇಬರು. ಅವರಿಗೆ ವಿಮಾನದ ವೈರಿಂಗ್ ಎಲ್ಲ ಬಾಯಿಪಾಠ, ಆದರೆ ಹೊಸದೊಂದು ತಂತಿ ಕಂಡರೆ ಮೊದಲು ದೂರ ನಿಂತು ದಿಟ್ಟಿಸುವರು, ಆಮೇಲೆ ನನ್ನನ್ನು ಮುಟ್ಟಲು ಹೇಳುವರು.

ಮೊದಲ ದಿನವೇ ನಾನು ಇತಿಹಾಸ ಸೃಷ್ಟಿಸಿದೆ. ಕ್ಲಬ್ಬಿನ ಕೋಣೆಯ ಮೂಲೆಯಲ್ಲಿ ವಿಮಾನಗಳ ಜೊತೆ ಮಾತಾಡುವ ರೇಡಿಯೋ ಒಂದು ಸುಮ್ಮನೆ ಸುಂಯ್ ಅನ್ನುತ್ತಾ ಕೂತಿತ್ತು. ಹೊರಗೆ ಧೋ ಮಳೆ, ಎಲ್ಲ ವಿಮಾನಗಳೂ ಕಟ್ಟಿಹಾಕಿವೆ, ಮಾತಾಡಲು ಯಾರೂ ಇಲ್ಲ. ಸಾಹೇಬರಿಗೆ ಚಹಾ ಮಾಡಿ ಭೇಷ್ ಅನ್ನಿಸಿಕೊಳ್ಳೋಣ ಅಂತ ನಾನು ಆ ರೇಡಿಯೋದ ಪ್ಲಗ್ ಕಿತ್ತು ನೀರು ಕಾಯಿಸುವ ಕಾಯಿಲ್ ಚುಚ್ಚಿದೆ. ಸುಂಯ್ ನಿಂತಿತು. ಬಶೀರ್ ಸಾಹೇಬರು ಕೂತ ಕುರ್ಚಿ ಬೀಳುವಂತೆ ಎದ್ದರು.

"ಏ ಹುಚ್ಚ! ಹಚ್ಚಲೇ ಅದನ್ನ! ಕ್ಯಾಪ್ಟನ್ ಸಾಹೇಬ್ರು ಬರೂದ್ರಾಗ ಹಚ್ಚು!"

ತಡವಾಗಿತ್ತು. ಕ್ಯಾಪ್ಟನ್ ಪೈ ಬಾಗಿಲಲ್ಲಿ ನಿಂತಿದ್ದರು. ಮಂಗಳೂರು ಕಡೆಯವರು, ಕ್ಲಬ್ಬಿನ ಮುಖ್ಯ ಶಿಕ್ಷಕರು, ಬಾಂದ್ರಾದಲ್ಲಿ ಒಬ್ಬರೇ ಇರುತ್ತಿದ್ದರು. ಬೈಯುತ್ತಾರೆ ಅಂದುಕೊಂಡು ಕಿವಿ ಸಡಿಲ ಮಾಡಿಕೊಂಡೆ. ಅವರು ಬೈಯಲಿಲ್ಲ. ತಾವೇ ಬಗ್ಗಿ ಕಾಯಿಲ್ ಕಿತ್ತು, ರೇಡಿಯೋದ ಪ್ಲಗ್ ಹಾಕಿ, ಸುಂಯ್ ಮತ್ತೆ ಶುರುವಾಗುವ ತನಕ ಅದರ ಮೇಲೆ ಕೈಯಿಟ್ಟು ನಿಂತರು.

"ಇದನ್ನು ಬಂದ್ ಮಾಡ್ಲಿಕ್ಕಿಲ್ಲ. ವಿಮಾನ ಹಾರಲಿ, ಹಾರದೆ ಇರಲಿ. ಗೊತ್ತಾಯ್ತಾ?"

"ಗೊತ್ತಾಯ್ತು ಸರ್" ಅಂದೆ. ಏನೂ ಗೊತ್ತಾಗಿರಲಿಲ್ಲ. ಅವರು ಹೋದ ಮೇಲೆ ಬಶೀರ್ ಸಾಹೇಬರು ಹೇಳಿದರು.

ಹಿಂದಿನ ವರ್ಷ ವಿನಯ ಅಂತ ಒಬ್ಬ ಹುಡುಗ. ಮಾಟುಂಗಾದವನು, ಮೈಸೂರು ಕಡೆಯ ಮನೆ. ಪುಣೆಗೆ ಒಬ್ಬನೇ ಹೋಗಿ ಒಬ್ಬನೇ ವಾಪಸು ಬರುವುದು ಅವನ ತರಬೇತಿಯ ಕೊನೆಯ ಘಟ್ಟ. ಬರುವ ಹೊತ್ತಿಗೆ ಮಳೆ, ಹವಾಮಾನದವರು ಹೇಳಿದ್ದಕ್ಕಿಂತ ಮುಂಚೆಯೇ ಮುರಿದುಕೊಂಡು ಬಂತು. ಘಾಟ್ ದಾಟಿದ ಮೇಲೆ ಕೆಳಗೆ ಬರೀ ಮೋಡ. ವಿಮಾನದಲ್ಲಿದ್ದ ಹಳೆಯ ದಿಕ್ಕಿನ ಮುಳ್ಳು ನೆಲದ ರೇಡಿಯೋ ಸ್ಟೇಷನ್ ಇರುವ ಕಡೆ ತೋರಿಸಬೇಕು, ಆದರೆ ಗುಡುಗು ಮಿಂಚು ಬಂದರೆ ಅದು ಸ್ಟೇಷನ್ ಬಿಟ್ಟು ಸಿಡಿಲಿನ ಕಡೆಗೇ ತಿರುಗಿ ನಿಲ್ಲುತ್ತದೆ. ಹುಡುಗ ಅದನ್ನು ನಂಬಲಿಲ್ಲ, ಜಾಣ. ಮೋಡದ ಒಂದು ತೂತಿನಲ್ಲಿ ನೀರು ಕಂಡಿತು. ರೇಡಿಯೋದಲ್ಲಿ ಕೇಳಿದ, "ಸರ್, ಕೆಳಗೆ ಕೆರೆ ಕಾಣ್ತಿದೆ. ಹಸಿರು ದಡ, ಒಂದು ಕಡೆ ರಸ್ತೆ."

ಕ್ಯಾಪ್ಟನ್ ಹೇಳಿದರು, "ಅದು ಪವಾಯಿ. ಆ ತೂತಿನಿಂದಲೇ ಕೆಳಗಿಳಿ. ಎಡಕ್ಕೆ ತಿರುಗು. ಐದು ನಿಮಿಷಕ್ಕೆ ದೊಡ್ಡ ನೀರು ಸಿಗ್ತದೆ, ಸಮುದ್ರ. ದಡ ನಿನ್ನ ಎಡಗೈಗೆ ಇರಲಿ, ಹಾಗೇ ಬಾ. ನಾನಿಲ್ಲೇ ಇದ್ದೇನೆ."

"ಓಕೆ ಸರ್" ಅಂದ. ಅಷ್ಟೇ. ಆಮೇಲೆ ಸುಂಯ್. ಮಳೆಯಲ್ಲಿ ನಮ್ಮಂಥ ಚಿಳ್ಳೆ ವಿಮಾನ ದೊಡ್ಡ ಏರ್‌ಪೋರ್ಟಿನ ರಾಡಾರ್ ಪರದೆಗೂ ಕಾಣುವುದಿಲ್ಲ. ಕೆಲವು ದಿನ ಬಿಟ್ಟು ಗೊರಾಯಿ ಬೀಚಿಗೆ ಒಂದು ಚಕ್ರ ಬಂತು. ಬೇರೇನೂ ಬರಲಿಲ್ಲ.

"ಪವಾಯಿಯಿಂದ ಎಡಕ್ಕ ತಿರುಗಿದ್ರ ಇಲ್ಲೇ ಬರಬೇಕಲಾ? ಗೊರಾಯಿ ಅಲ್ಲೆಲ್ಲೋ ಮ್ಯಾಲ, ಉತ್ತರದಾಗ ಐತಿ" ಅಂದರು ಬಶೀರ್ ಸಾಹೇಬರು. "ತನಿಖೆ ಮಾಡಿದ ಕಮಿಟಿಯವರು ಹುಡುಗ ಗಾಬರಿಯಾಗಿ ದಾರಿ ತಪ್ಪಿದ, ಮಾತು ಕೇಳಲಿಲ್ಲ ಅಂತ ಬರದ್ರು. ಕ್ಯಾಪ್ಟನ್ ಸಾಹೇಬ್ರು ಅದಕ್ಕ ಸಹಿ ಮಾಡ್ಲಿಲ್ಲ. ಅವನ ತಾಯಿ ಮುಖಾ ನೋಡಾಕೂ ಹೋಗಿಲ್ಲ. ಆ ನೀರು ಯಾವ್ದು ಅಂತ ಗೊತ್ತಾಗೂತನ ಅವರಿಗೆ ನಿದ್ದಿಲ್ಲ ನೋಡು."

ಆಮೇಲೆ ನಾನು ಆ ಪ್ಲಗ್ಗಿನ ಹತ್ತಿರ ಹೋಗಲಿಲ್ಲ. ಇಡೀ ಜೂನ್ ಆ ಸುಂಯ್ ಹಾಗೇ ಇತ್ತು. ಚಹಾ ಕುಡಿಯುವಾಗ, ಡಬ್ಬಿ ಬಿಚ್ಚುವಾಗ, ಕ್ಯಾಪ್ಟನ್ ಪೇಪರ್ ಓದುವಾಗ. ನಡುವೆ ಒಂದೊಂದು ಸಲ ಎಲ್ಲಿಂದಲೋ ಚರ್ರ್ ಅಂತ ಬಂದರೆ ಅವರ ಪೇಪರ್ ಕೆಳಗಿಳಿಯುತ್ತಿತ್ತು. ನಾನು ನಗಿಸಲು ನೋಡುತ್ತಿದ್ದೆ. ನನ್ನ ಜೋಕಿಗೆ ನಗುತ್ತಿದ್ದದ್ದು ನಾನೊಬ್ಬನೇ.

ಜುಲೈನಲ್ಲಿ ಪೆಟ್ಟಿಗೆ ಬಂತು. ಜಿಪಿಎಸ್. ಆ ಮೂರಕ್ಷರ ನಮಗೆಲ್ಲ ಹೊಸದು. ಕ್ಲಬ್ಬಿನ ಸದಸ್ಯರೊಬ್ಬರು ಹೊರದೇಶದಿಂದ ತರಿಸಿದ್ದು. ನೋಡಲು ಮಕ್ಕಳ ವಿಡಿಯೋ ಗೇಮಿನ ಹಾಗೆ, ಬೂದು ಪರದೆ, ರಬ್ಬರ್ ಗುಂಡಿಗಳು. ಮೇಲಿರುವ ಉಪಗ್ರಹಗಳ ಮಾತು ಕೇಳಿ ನೀವು ಭೂಮಿಯ ಮೇಲೆ ಎಲ್ಲಿದ್ದೀರಿ, ಎಷ್ಟು ವೇಗದಲ್ಲಿ ಹೋಗುತ್ತಿದ್ದೀರಿ, ನೀವು ಹೆಸರು ಬರೆದಿಟ್ಟ ಜಾಗ ಎಷ್ಟು ದೂರ, ಯಾವ ಕಡೆ ಎಂದೆಲ್ಲ ಅದು ಹೇಳುತ್ತದೆ. ಮೋಡವಿರಲಿ, ಮಂಜಿರಲಿ, ಸಿಡಿಲು ಬಡಿಯಲಿ.

"ಇದು ಎಲ್ಲಾ ಹೇಳುತ್ತೆ ಸರ್. ಮದುವೆ ಯಾವಾಗ ಅನ್ನೋದೊಂದು ಬಿಟ್ಟು" ಅಂದೆ.

ಕ್ಯಾಪ್ಟನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಪವಾಯಿ ಹಾಕು ಇದರಲ್ಲಿ. ವಿಹಾರ್, ತುಳಸಿ, ಎಲ್ಲಾ ಕೆರೆ ಹಾಕು" ಅಂದರು.

ಹಾಕಿದೆ. ನಾನು ಹಾಕಿದ ಮೇಲೆ ಕೇಳಬೇಕೆ. ನಕ್ಷೆಯಲ್ಲಿ ಜಾಗವನ್ನು ಡಿಗ್ರಿ, ಮಿನಿಟು, ಸೆಕೆಂಡಿನಲ್ಲಿ ಬರೆದಿರುತ್ತಾರೆ. ಪೆಟ್ಟಿಗೆಗೆ ಬೇಕಾದದ್ದು ಡಿಗ್ರಿ, ಮಿನಿಟು ಮತ್ತು ಮಿನಿಟಿನ ದಶಮಾಂಶ. ನಾನು ಸೆಕೆಂಡುಗಳನ್ನೇ ದಶಮಾಂಶದ ಮನೆಗೆ ನುಗ್ಗಿಸಿದೆ. ಮಾರನೆಯ ದಿನ ಕ್ಯಾಪ್ಟನ್ ಅದನ್ನು ಹಿಡಿದುಕೊಂಡು ಅದು ತೋರಿಸಿದ ಬಾಣದ ಹಿಂದೆ ನಡೆದರು, ನಾನು ಕೊಡೆ ಹಿಡಿದು ಅವರ ಹಿಂದೆ. ನಮ್ಮ ಕ್ಲಬ್ಬು ಇದೆ ಅಂತ ಪೆಟ್ಟಿಗೆ ಹೇಳಿದ ಜಾಗಕ್ಕೆ ಬಂದಾಗ ನಾವು ಜುಹು ಬೀಚಿನಲ್ಲಿ, ಭೇಲ್‌ಪುರಿ ಗಾಡಿಗಳ ನಡುವೆ ನಿಂತಿದ್ದೆವು. ಗಾಡಿಯವನು "ಸಾಬ್, ತೀಖಾ ಯಾ ಮೀಠಾ?" ಅಂತ ಕೇಳಿದ.

"ಎಂತ ಮಾರಾಯ ನೀನು. ವಿಮಾನ ಇಲ್ಲಿ ಇಳಿಸ್ಲಿಕ್ಕಾ?" ಅಂದರು ಕ್ಯಾಪ್ಟನ್. ಆ ಮಳೆಗಾಲದಲ್ಲಿ ಅವರ ತುಟಿ ನಗುವಿಗೆ ಅಲುಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಶೀರ್ ಸಾಹೇಬರು ಕನ್ನಡಕ ಏರಿಸಿಕೊಂಡು ನನ್ನೆದುರು ಕೂತು ಎಲ್ಲ ಅಂಕಿಗಳನ್ನೂ ಮತ್ತೆ ಹಾಕಿಸಿದರು.

ಆಮೇಲೆ ಪೆಟ್ಟಿಗೆಯನ್ನು ವಿಮಾನಕ್ಕೆ ಜೋಡಿಸಿದೆವು. ಕ್ಲಬ್ಬಿನ ವಿಮಾನಗಳಲ್ಲಿ ಎರಡು ಅಕ್ಕತಂಗಿಯರ ಹಾಗೆ ಒಂದೇ ತರಹದವು. ವಿನಯ ಹೋದ ಮೇಲೆ ಉಳಿದದ್ದು ಇದೊಂದು. ಆಕಾಶ ಕಾಣಲಿ ಅಂತ ಅದನ್ನು ಹೊರಗೆ ತಂದು ಹಗ್ಗ ಕಟ್ಟಿ, ಪೆಟ್ಟಿಗೆ ಚಾಲೂ ಮಾಡಿ ನಾನು ಪರದೆ ನೋಡಿದೆ. ವೇಗ: ಎರಡು. ನಿಂತ ವಿಮಾನಕ್ಕೆ ವೇಗ! ಸ್ವಲ್ಪ ಹೊತ್ತಿಗೆ ಒಂದು. ಮತ್ತೆ ಮೂರು. ನಾವಿರುವ ಜಾಗದ ಅಂಕಿ ಮೆಲ್ಲಗೆ ಜರುಗುತ್ತಿತ್ತು, ಪಶ್ಚಿಮಕ್ಕೆ, ಸಮುದ್ರದ ಕಡೆಗೆ. ನಾನು ತಲೆ ಹೊರಹಾಕಿ ಚಕ್ರ ನೋಡಿದೆ. ಅದಕ್ಕೆ ಒಡ್ಡಿದ ಕಲ್ಲು ಹಾಗೇ ಇತ್ತು. ಹಗ್ಗ ಬಿಗಿಯಾಗೇ ಇತ್ತು.

"ಸಾಹೇಬ್ರೇ, ಇದು ನಡೀತಿದೆ" ಅಂದೆ. ಬಶೀರ್ ಸಾಹೇಬರು ಪರದೆ ನೋಡಿದರು, ಹಗ್ಗ ನೋಡಿದರು, ಬಾಯಲ್ಲೇ ಏನೋ ಓದಿಕೊಂಡು ಎರಡು ಹೆಜ್ಜೆ ಹಿಂದೆ ಹೋದರು.

ಕೈಪಿಡಿಯಲ್ಲಿ ಉತ್ತರ ಇತ್ತು. ಉಪಗ್ರಹ ಹಾರಿಸಿದ ದೇಶದವರು ಪರರ ಕೈಗೆ ಪೂರಾ ನಿಖರತೆ ಸಿಗದಿರಲಿ ಅಂತ ಬೇಕೆಂದೇ ಸ್ವಲ್ಪ ತಪ್ಪು ಬೆರೆಸುತ್ತಾರಂತೆ. ಅದಕ್ಕೇ ನಿಂತದ್ದೂ ಅಲೆದಾಡಿದ ಹಾಗೆ ಕಾಣುತ್ತದೆ. ಇದನ್ನು ಕ್ಯಾಪ್ಟನ್‌ಗೆ ಹೇಳಿದೆ. ಅವರು ಪೈಲಟ್ ಸೀಟಿನಲ್ಲಿ ಕೂತು ಪರದೆಯನ್ನೇ ನೋಡುತ್ತಿದ್ದರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕಟ್ಟಿಹಾಕಿದ ವಿಮಾನ ಸಮುದ್ರಕ್ಕೆ ಹೋಗುತ್ತಿತ್ತು, ಬರುತ್ತಿತ್ತು, ಮತ್ತೆ ಹೋಗುತ್ತಿತ್ತು.

"ಎಷ್ಟು ಸುಳ್ಳು ಹೇಳ್ತದೆ ಇದು?" ಅಂತ ಕೇಳಿದರು ಕೊನೆಗೆ.

"ಒಂದು ನೂರು ಮೀಟರ್ ಅಷ್ಟೇ ಸರ್. ಕೆರೆ ಬದಲಾಗೋಷ್ಟು ಅಲ್ಲ."

"ಸಾಕು" ಅಂದರು.

ಆಗಸ್ಟಿನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಮೋಡ ಒಡೆದು ತುಂಡುತುಂಡಾಗಿ ತೇಲುತ್ತಿತ್ತು, ಗಾಳಿ ಮಾತ್ರ ಹಾಗೇ, ಸಮುದ್ರದ ಕಡೆಯಿಂದ ದಬದಬ. ಪೆಟ್ಟಿಗೆ ಪರೀಕ್ಷೆ ಮಾಡಬೇಕು ಅಂತ ಅನುಮತಿ ತಂದರು. ಗುಂಡಿ ಒತ್ತಲು ಜೊತೆಗೆ ನಾನು. ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದ್ದು ಆವತ್ತೇ. ಬೆಳಿಗ್ಗೆ ಅಮ್ಮ ಕೊಟ್ಟ ಉಪ್ಪಿಟ್ಟು ಪನ್‌ವೇಲ್ ಬರುವ ಮುಂಚೆ ನನ್ನ ಡಬ್ಬಿಗೇ ವಾಪಸು ಹೋಯಿತು. ಆ ಡಬ್ಬಿಯನ್ನು ಆಮೇಲೆ ಮನೆಯಲ್ಲಿ ಯಾರೂ ಮುಟ್ಟಲಿಲ್ಲ.

ಖಂಡಾಲಾದ ಹತ್ತಿರ, ಮೋಡಗಳ ಮೇಲೆ, ಕ್ಯಾಪ್ಟನ್ ವಿಮಾನ ತಿರುಗಿಸಿದರು. "ಅವನಿಗೆ ಹಾಕಿಕೊಟ್ಟ ದಿಕ್ಕು ಇದು. ನಾನೇ ಹಾಕಿಕೊಟ್ಟದ್ದು" ಅಂದರು. ಆಮೇಲೆ ಕರ್ಚೀಫು ತೆಗೆದು ಪೆಟ್ಟಿಗೆಯ ಪರದೆಗೆ ಮುಚ್ಚಿದರು. ಶಿಷ್ಯರಿಗೆ ಪಾಠ ಹೇಳುವಾಗ ಅವರು ಹೀಗೇ ಎದುರಿನ ಗಡಿಯಾರದಂಥ ಒಂದೊಂದು ಮೀಟರಿಗೂ ಕರ್ಚೀಫು ಮುಚ್ಚುತ್ತಾರೆ ಅಂತ ಕೇಳಿದ್ದೆ. ಕಿಟಕಿಯ ಹೊರಗೆ ನೋಡು ಅಂತ ಅದರ ಅರ್ಥ.

ಕೆಳಗೆ ಬಿಳಿ, ಮೇಲೆ ಬೂದು. ಎಂಜಿನ್ನಿನ ಸದ್ದೂ ಸ್ವಲ್ಪ ಹೊತ್ತಿಗೆ ಕೇಳದಂತಾಯಿತು. ನಮ್ಮಿಬ್ಬರ ಜೊತೆ ಅಲ್ಲಿ ಕೂತಿದ್ದ ಹಾಗಿದ್ದ ಮೂರನೆಯವನ, ಆ ವಿನಯನ ಬಗ್ಗೆ ನಾನು ಯೋಚಿಸಬಾರದು ಅಂದುಕೊಂಡೆ, ಯೋಚಿಸಿದೆ. ಅವನಿಗೂ ಬಹುಶಃ ನನ್ನದೇ ವಯಸ್ಸು.

"ಲೆಕ್ಕದ ಪ್ರಕಾರ ಈಗ ಬರಬೇಕು" ಅಂದರು ಕ್ಯಾಪ್ಟನ್.

ಮೋಡ ಬಿರಿಯಿತು. ಕೆಳಗೆ ನೀರು. ಅಗಲವಾಗಿ, ನಿಶ್ಚಲವಾಗಿ, ಹಸಿರು ದಡ, ಒಂದು ಪಕ್ಕಕ್ಕೆ ಕಪ್ಪು ರಸ್ತೆ.

"ಯಾವ ನೀರು? ಹೇಳು" ಅಂದರು ನನ್ನ ಕಡೆ ತಿರುಗದೆ.

"ಪವಾಯಿ ಸರ್! ಡೌಟೇ ಇಲ್ಲ" ಅಂದೆ. ನನ್ನ ಗೆಳೆಯ ಆ ಕೆರೆಯ ಪಕ್ಕದ ಹಾಸ್ಟೆಲಿನಲ್ಲಿದ್ದ, ನಾನು ಕ್ಲಾಸು ತಪ್ಪಿಸಿ ಅರ್ಧ ಡಿಪ್ಲೊಮಾವನ್ನು ಆ ದಡದಲ್ಲೇ ಕಳೆದಿದ್ದೆ.

"ನಾನೂ ಅದನ್ನೇ ಹೇಳ್ತಿದ್ದೆ" ಅಂದು ಅವರು ಕರ್ಚೀಫು ಎತ್ತಿದರು.

ಪವಾಯಿ ನಮ್ಮ ಹಿಂದೆ, ಎಡಕ್ಕೆ, ಎಷ್ಟೋ ಮೈಲಿ ದೂರದಲ್ಲಿತ್ತು. ಸಮುದ್ರದ ಗಾಳಿ ನಮ್ಮನ್ನು ಅಷ್ಟೂ ದಾರಿ ಪಕ್ಕಕ್ಕೆ ತಳ್ಳಿತ್ತು, ನಮಗೆ ತಿಳಿಯದ ಹಾಗೆ. ನಾವು ಕಲ್ಯಾಣ್ ದಾಟಿ ಭಿವಂಡಿಯ ಕಡೆ ಇದ್ದೆವು. ನಾನು ನಕ್ಷೆ ಬಿಡಿಸಿ ಬೆರಳಿಟ್ಟೆ. ಅಲ್ಲಿ ಕೆರೆಯೇ ಇರಲಿಲ್ಲ.

ಕ್ಯಾಪ್ಟನ್ ಸುತ್ತುಹಾಕಿ ಆ ತೂತಿನಿಂದ ಕೆಳಗಿಳಿದರು. ಎಡಕ್ಕೆ ತಿರುಗಿದರು. ಸ್ವಲ್ಪ ದೂರದಲ್ಲಿ ದೊಡ್ಡ ನೀರು ಬಂತು. ಅದು ಸಮುದ್ರವಲ್ಲ, ವಸಯಿಯ ಖಾಡಿ, ಸಮುದ್ರ ನೆಲದೊಳಗೆ ಚಾಚಿದ ನೀರು. ಆದರೆ ಮಳೆ ಮಂಜಿನಲ್ಲಿ ಆಚೆ ದಡ ಕಾಣದು. ಸಮುದ್ರ ಅಂತ ಯಾರಾದರೂ ಹೇಳಿಕೊಟ್ಟಿದ್ದರೆ ನಾನೂ ಸಮುದ್ರ ಅಂತಲೇ ಅನ್ನುತ್ತಿದ್ದೆ. ದಡವನ್ನು ಎಡಗೈಗೆ ಇಟ್ಟುಕೊಂಡು ಹಾರಿದೆವು. ಎಡಕ್ಕೆ ಬೋರಿವಲಿಯ ಗುಡ್ಡಗಳು ಗೋಡೆಯ ಹಾಗೆ ಎದ್ದಿದ್ದವು. ರೇಡಿಯೋ ಸತ್ತಿತ್ತು. ಕೆಟ್ಟು ಸತ್ತದ್ದಲ್ಲ. ಈ ರೇಡಿಯೋ ಗುಡ್ಡ ತೂರುವುದಿಲ್ಲ, ಇದೊಂದನ್ನು ನಾನು ಪರೀಕ್ಷೆಯಲ್ಲಿ ಸರಿಯಾಗಿ ಬರೆದಿದ್ದೆ.

ಖಾಡಿ ಮುಗಿದು ನಿಜವಾದ ಸಮುದ್ರ ಬಂತು, ದಡ ಎಡಕ್ಕೆ ಬಾಗಿತು, ನಾವೂ ಬಾಗಿದೆವು. ಕೆಳಗೆ ಗೊರಾಯಿಯ ಮರಳು. ಗುಡ್ಡದ ಮರೆ ದಾಟಿದ್ದೇ ಕಿವಿಯೊಳಗೆ ಬಶೀರ್ ಸಾಹೇಬರ ದನಿ ಒಡೆಯಿತು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದರೋ, ಗಂಟಲು ಹರಿದಿತ್ತು. "ಸಾಹೇಬ್ರ, ಎಲ್ಲಿದ್ದೀರಿ... ಏ ಸೀನಿ, ಮಾತಾಡಲೇ..."

ಕ್ಯಾಪ್ಟನ್ ಕೆಳಗೆ ಮರಳನ್ನು ನೋಡುತ್ತಿದ್ದರು. "ಬರ್ತಾ ಇದ್ದ" ಅಂದರು, ನನಗಲ್ಲ. "ಹೇಳಿದ ಹಾಗೇ ಬರ್ತಾ ಇದ್ದ ಅವನು." ಆ ದಿನ ಸಮುದ್ರದ ಮೇಲಿಂದ ಮಳೆಯ ಗೋಡೆ ಬಂದು ಹೊಡೆದದ್ದು ಇದಕ್ಕೆ ಸ್ವಲ್ಪ ಮುಂಚೆ, ಗುಡ್ಡದ ಮರೆಯಲ್ಲೇ ಇರಬೇಕು. ಇನ್ನು ಕೆಲವೇ ನಿಮಿಷ ಬಂದಿದ್ದರೆ ಅವನಿಗೂ ಜುಹುವಿನ ಕರೆ ಕೇಳಿಸುತ್ತಿತ್ತು.

ಮಳೆ ಪೂರಾ ನಿಂತ ಮೇಲೆ, ದೀಪಾವಳಿ ಕಳೆದು, ಕ್ಯಾಪ್ಟನ್ ನನ್ನನ್ನು ಲೋಕಲ್ ರೈಲಿನಲ್ಲಿ ಕಲ್ಯಾಣ್‌ಗೆ ಕರೆದುಕೊಂಡು ಹೋದರು. ಅಲ್ಲಿಂದ ರಿಕ್ಷಾ, ಆಮೇಲೆ ನಡಿಗೆ. ವಿಮಾನದಿಂದ ಬಿಚ್ಚಿ ತಂದ ಪೆಟ್ಟಿಗೆಯಲ್ಲಿ ಆವತ್ತು ಉಳಿಸಿಕೊಂಡಿದ್ದ ಅಂಕಿಗಳು ಹೇಳಿದ ಜಾಗಕ್ಕೆ ಬಂದು ನಿಂತೆವು. ನೀರಿನ ಹನಿಯಿಲ್ಲ. ಕೊಯ್ದ ಭತ್ತದ ಕೂಳೆ, ಬಿರುಕು ಬಿಟ್ಟ ನೆಲ, ಒಂದು ಎಮ್ಮೆ. ನಾನು ನನ್ನ ಹಳೆಯ ಪ್ರತಾಪ ನೆನೆದು ಅಂಕಿ ಮತ್ತೆ ಮತ್ತೆ ನೋಡಿದೆ.

ಎಮ್ಮೆಯ ಹಿಂದೆ ಒಬ್ಬ ಮುದುಕ ಬಂದ. ಕೆರೆ ಎಲ್ಲಿ ಅಂತ ಕ್ಯಾಪ್ಟನ್ ತಮಗೆ ಬರುವ ಮರಾಠಿಯಲ್ಲಿ ಕೇಳಿದರು.

"ತಳಾ? ಇಥೆ ತಳಾ ನಾಹೀ ಸಾಹೇಬ" ಅಂದ ಅವನು ನಕ್ಕು. ಕೆರೆಯೆಲ್ಲ ಇಲ್ಲ, ಇದು ತಗ್ಗು. ಮೊದಲ ಜೋರು ಮಳೆಗೇ ಊರ ಗದ್ದೆಯೆಲ್ಲ ಮುಳುಗುತ್ತದೆ, ಇಳಿದ ಮೇಲೆ ನಾಟಿ, ಮತ್ತೆ ಸುರಿದರೆ ಮತ್ತೆ ಮುಳುಗುತ್ತದೆ. ಹೀಗೆ ಹೇಳಿ, ನಮ್ಮ ಕೈಯ ಪೆಟ್ಟಿಗೆ ನೋಡಿ, ನೀವು ಆ ವಿಮಾನದವರಾ ಅಂತ ಕೇಳಿದ.

ಕ್ಯಾಪ್ಟನ್ ಕೈ ಪೆಟ್ಟಿಗೆಯ ಮೇಲೆ ಬಿಗಿಯಾಯಿತು. "ಯಾವ ವಿಮಾನ?"

ಹೋದ ವರ್ಷದ ಮೊದಲ ಮಳೆಗೆ ಒಂದು ಸಣ್ಣ ವಿಮಾನ ಬಂದಿತ್ತಂತೆ. ನೀರಿನ ಮೇಲೆ ಸುತ್ತುತ್ತಾ ಸುತ್ತುತ್ತಾ ಇಷ್ಟು ಕೆಳಗೆ ಇಳಿಯಿತು, ಮಕ್ಕಳು ಕೈ ಬೀಸಿದರು. ಒಳಗಿನ ಹುಡುಗನೂ ಕೈ ಬೀಸಿದ. ಆಮೇಲೆ ಹೋದ.

"ಯಾವ ಕಡೆ?"

ಮುದುಕ ಕೋಲೆತ್ತಿ ಖಾಡಿಯ ಕಡೆ ತೋರಿಸಿದ. ಘಾಟ್ ಕಡೆಯಿಂದ ಹಾರಿ ಬಂದವನಿಗೆ ಅದು ಎಡಗಡೆ.

ಕ್ಯಾಪ್ಟನ್ ಗದ್ದೆಯ ಬದುವಿನ ಮೇಲೆ ಕೂತುಬಿಟ್ಟರು. ಎಮ್ಮೆ ನಮ್ಮನ್ನು ನೋಡಿ ಸಾಕಾಗಿ ಹೋಯಿತು.

ವಾಪಸು ಬರುವಾಗ ಲೋಕಲಿನ ಬಾಗಿಲಲ್ಲಿ ನಿಂತು ಅವರು, "ಮಾಟುಂಗಾದಲ್ಲಿ ಇಳಿಯುವ" ಅಂದರು.

"ಅವರಮ್ಮನಿಗೆ ಏನಂತ ಹೇಳ್ತೀರಿ ಸರ್?"

"ಹುಡುಗ ದಾರಿ ತಪ್ಪಲಿಲ್ಲ ಅಂತ. ನಾನು ಹೇಳಿದ ಕಡೆಗೇ ತಿರುಗಿದ ಅಂತ."

ಮೂರನೇ ಮಹಡಿ. ವಿನಯನ ತಾಯಿ ಸರಸಮ್ಮನೇ ಬಾಗಿಲು ತೆಗೆದರು. ಕ್ಯಾಪ್ಟನ್ ಮುಖ ಕಂಡು, "ಬನ್ನಿ ಒಳಗೆ" ಅಂದರು. ಕ್ಯಾಪ್ಟನ್ ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು. ಗಾಳಿ, ಗದ್ದೆಯ ನೀರು, ತಮ್ಮ ಮಾತು, ಎಡಕ್ಕೆ ತಿರುಗು ಅಂದದ್ದು. ಏನನ್ನೂ ಮೃದು ಮಾಡಲಿಲ್ಲ. ಆಕೆ ಸೆರಗಿನ ತುದಿ ಮಡಿಸುತ್ತಾ, ಬಿಚ್ಚುತ್ತಾ ಕೇಳಿದರು.

"ಆಮೇಲೆ ನೀವು ಅವನನ್ನ ಕರೆದ್ರಾ?"

"ಕತ್ತಲಾಗುವ ತನಕ ಕರೆದೆ ಅಮ್ಮ. ಉತ್ತರ ಬರಲಿಲ್ಲ."

ಸರಸಮ್ಮ ನನ್ನ ಕಡೆ ತಿರುಗಿದರು. "ನೀನು ರೇಡಿಯೋ ಕೆಲಸದವನು ಅಂದ್ರಲ್ಲಪ್ಪ. ಅವನು ಸುಮ್ಮನಿದ್ನಾ?"

"ಇಲ್ಲಮ್ಮ, ಕರೆದಿರ್ತಾನೆ. ನಡುವೆ ಗುಡ್ಡ ಇತ್ತು. ಇಬ್ಬರ ಮಾತೂ ದಾಟಿಲ್ಲ" ಅಂದೆ.

ಆಕೆ ತಲೆಯಾಡಿಸಿದರು. ಬಹಳ ಹೊತ್ತು ಆಡಿಸುತ್ತಲೇ ಇದ್ದರು.

"ಕರೆದೇ ಇರ್ತಾನೆ. ಕಾಲೇಜಿಂದ ಬರುವಾಗ ಕೆಳಗೆ ರಸ್ತೆಯಿಂದಲೇ ಅಮ್ಮಾ ಅಂತ ಕೂಗೋನು. ನಾನು ಗ್ಯಾಲರಿಗೆ ಬಂದು ಓ ಅನ್ನೋ ತನಕ ಮೆಟ್ಟಿಲು ಹತ್ತುತ್ತಿರಲಿಲ್ಲ, ಕಳ್ಳ."